ಕುತ್ತಿಗೆಯ ಸದ್ದು

"ಇಲ್ಲಿ ಕೈ ಇಟ್ಟು ನೋಡ್ರಿ ಮೇಡಮ್, ಚರಚರ ಅಂತದ," ಎಂದು ಶಿವಕಾಂತಾ ಗಂಡನ ಕುತ್ತಿಗೆ ತೋರಿಸಿದಳು. ಬೆಳಿಗ್ಗೆ ಮೆಹಕರ ಊರಿನ ಈ ಮಲ್ಲಿಕಾರ್ಜುನಪ್ಪನ ಗಂಟಲಿಗೆ ಎಂಡೋಸ್ಕೋಪಿ ನಳಿಕೆ ಇಳಿಸಿದ್ದವಳು ಡಾಕ್ಟರ್ ತರನ್ನುಮಳೇ. ಆಮೇಲೆ ಅವನು ಎದೆನೋವು ಎಂದಾಗ ಗ್ಯಾಸ್ ಇರಬೇಕು ಎಂದಿದ್ದಳು. ಆಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗಿರಲಿಲ್ಲ. ಇದು ಮೂರನೇ ಸಲ ವಾರ್ಡಿಗೆ ಬಂದದ್ದು.

ತರನ್ನುಮ್ ಅವನ ಕುತ್ತಿಗೆಗೆ ಬೆರಳು ಒತ್ತಿದಳು. ಚರ್ಮದಡಿ ಸೇರಿದ್ದ ಗಾಳಿ ಚುರುಮುರಿ ಪುಡಿಯಾದಂತೆ ಸದ್ದು ಮಾಡಿತು. ಅವನ ತುಟಿಯ ಹತ್ತಿರವಿದ್ದ ಚಹಾದ ಲೋಟವನ್ನು ಕಸಿದುಕೊಂಡಳು.

"ಒಂದು ಹನಿ ನೀರೂ ಕೊಡಬ್ಯಾಡ್ರಿ. ಈಗಲೇ ಸ್ಕ್ಯಾನ್ ಮಾಡಿಸಬೇಕು."

"ಏನಾಗ್ಯದರಿ?"

"ಅನ್ನನಾಳಕ್ಕ ತೂತು ಬಿದ್ದದ, ಅಲ್ಲಿಂದ ಗಾಳಿ ಸೋರಲಿಕತ್ತದ." ತರನ್ನುಮ್ ಲೋಟವನ್ನು ಪಕ್ಕಕ್ಕಿಟ್ಟಳು. "ನನ್ನ ಕೈಯಿಂದನೇ ಬಿದ್ದದರಿ."

"ಮತ್ತ ಯಾಕ ನಿಂತೀರಿ? ನಡೀರಿ," ಎಂದು ಶಿವಕಾಂತಾ ಮಂಚದ ಪಕ್ಕದಲ್ಲಿದ್ದ ಸ್ಟ್ರೆಚರಿನ ಒಂದು ತುದಿ ಹಿಡಿದಳು.