ಎದ್ದು ನಿಂತವರ ಚಪ್ಪಾಳೆ

ತೆರೆಯ ಮೇಲೆ ಒಬ್ಬನನ್ನು ನೇಣಿಗೇರಿಸಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದವರಲ್ಲಿ ನೀವೂ ಇದ್ದಿರಲ್ಲವೇ?

ದಶಕಗಳ ಹಿಂದೆ ಗಲ್ಲಿಗೇರಿದವನ ನಿಜಕಥೆಯೆಂದು ಸಾರಿದ್ದ ಆ ಚಿತ್ರದ ಕೊನೆಗೆ, ನಾಯಕ ಕುಣಿಕೆಯ ಕೆಳಗೆ ಮಂಡಿಯೂರಿ, ‘ಕೊಂದವನು ನಾನೇ, ಕ್ಷಮಿಸಿ’ ಎಂದು ಅತ್ತಿದ್ದ. ಸಭಾಂಗಣವೆಲ್ಲ ಎದ್ದು ನಿಂತಿತು. ಮೊದಲ ಸಾಲಿನಲ್ಲಿದ್ದ ಒಬ್ಬ ಮುದುಕಿ, ಅಂದು ನಿಜವಾಗಿ ಗಲ್ಲಿಗೇರಿದವನ ತಂಗಿ, ಮಾತ್ರ ಏಳಲಿಲ್ಲ.

“ಏಳಿ ಅಮ್ಮಾ, ಜನ ನಿಮ್ಮಣ್ಣನಿಗೇ ಚಪ್ಪಾಳೆ ತಟ್ತಿದಾರೆ,” ಎಂದು ನಿರ್ದೇಶಕ ಹಲ್ಲು ಕಿರಿದ.

“ನಮ್ಮಣ್ಣ ಕೊಂದಿರಲಿಲ್ಲ ಕಣಪ್ಪ. ಅವನು ಹೋದಮೇಲೆ ಕೊಂದವನು ಸಿಕ್ಕಿಬಿದ್ದ. ನಿನಗೆ ಹೇಳಿದ್ದೆನಲ್ಲ?”

“ಹೇಳಿದ್ರಿ. ಆದ್ರೆ ತಪ್ಪೊಪ್ಪಿಕೊಳ್ಳದೆ ಸತ್ರೆ ಜನ ಅಳಲ್ಲಮ್ಮ.”

“ಅಳಿಸೋಕೆ ಈರುಳ್ಳಿ ಹೆಚ್ಚಿ ಹಂಚಬೇಕಿತ್ತು. ನಮ್ಮಣ್ಣನ ಹೆಸರು ಯಾಕೆ ಬೇಕಿತ್ತು?”

ಆಕೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕುಳಿತೇ ಇದ್ದಾಳೆ. ಚಪ್ಪಾಳೆ ನಿಲ್ಲಿಸಿ, ದಯವಿಟ್ಟು ನೀವೂ ಕುಳಿತುಕೊಳ್ಳಿ.