ಬಾಣಂತಿಯ ನಿದ್ದೆ

ಆಫೀಸಿನ ಸರ್ವರ್ ಸ್ವಲ್ಪ ಕೆಮ್ಮಿದರೂ ಸಾಕು, ಎಚ್ಚರಿಕೆಯ ಮೇಲ್ ಬರುತ್ತಿದ್ದುದು ವಾರಿಜಾಳಿಗೇ. ಈಗವಳು ತುಂಬು ಬಸುರಿ, ನಾಳೆಯಿಂದ ರಜೆ.

“ಇನ್ನು ಆ ಮೇಲ್‌ಗಳೆಲ್ಲ ಹೊಸದಾಗಿ ಸೇರಿದ ಲೋಹಿತನಿಗೆ ಹೋಗಲಿ. ನಿಮ್ಮ ವಿಳಾಸ ತೆಗೆದುಬಿಡಿ ತಾಯಿ, ಬಾಣಂತಿ ನಿದ್ದೆ ಕೆಡಿಸಿಕೊಳ್ಳಬಾರದು,” ಎಂದರು ಮ್ಯಾನೇಜರು.

ವಾರಿಜಾ ಕೂಡಲೇ ಕಂಪ್ಯೂಟರಿನ ಮುಂದೆ ಕೂತಳು. ಇಂಥ ಮನುಷ್ಯನನ್ನು ಇಷ್ಟು ದಿನ ಸುಮ್ಮನೆ ಬೈದುಕೊಂಡೆನಲ್ಲ! ಸರ್ವರ್ ನಿಂತರೆ, ಡಿಸ್ಕ್ ತುಂಬಿದರೆ, ಯಾರನ್ನಾದರೂ ಕೆಲಸದಿಂದ ತೆಗೆದು ಅವರ ಲಾಗಿನ್ ಖಾತೆ ರದ್ದು ಮಾಡಿದರೆ, ಎಲ್ಲಕ್ಕೂ ಲೋಹಿತನ ವಿಳಾಸ ಹಾಕಿ ತನ್ನದನ್ನು ಅಳಿಸಿದಳು.

“ಟೆಸ್ಟ್ ಮೇಲ್ ಬಂತೇನಪ್ಪ?” ಎಂದು ಪಕ್ಕದ ಮೇಜಿನ ಲೋಹಿತನನ್ನು ಕೇಳಿದಳು.

“ಬಂತು ಮೇಡಂ.”

ಮ್ಯಾನೇಜರು ನಗುತ್ತ ತಮ್ಮ ಕೋಣೆಗೆ ಹೋದರು. ಅವಳು ಬ್ಯಾಗು ಹೆಗಲಿಗೇರಿಸುವಷ್ಟರಲ್ಲಿ ಲೋಹಿತನ ಫೋನು ಮತ್ತೆ ಟಿಣ್ ಎಂದಿತು.

“ಇದೂ ಟೆಸ್ಟಾ ಮೇಡಂ? ನಿಮ್ಮ ಖಾತೆ ರದ್ದಾಗಿದೆ ಅಂತಿದೆ.”