ಅಣ್ಣನ ಬೆನ್ನ ಹಿಂದೆ ಕೇಳಿಸಿದ ಪಾಠ

ಮೊಮ್ಮಗನ ಬೈಕಿನ ಪೆಟ್ರೋಲ್ ವಾಸನೆ ಅಂಗಳಕ್ಕೆ ಬಂದರೆ ಸಾಕು, ಭದ್ರಾವತಿಯ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಶಿವಮೊಗ್ಗದ ಹೈಸ್ಕೂಲಿನಲ್ಲಿದ್ದ ನಮ್ಮಣ್ಣನಿಗೆ ಉಗ್ಗು. ಪಾಠ ಒಪ್ಪಿಸಲು ಬಾರದವನನ್ನು ಮರುದಿನವೇ ಶಾಲೆ ಬಿಡಿಸುವುದೆಂದು ಅಪ್ಪ ತೀರ್ಮಾನಿಸಿದ್ದರು. ಆದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋದರಮಾವ ಕೊಂಡಿದ್ದ ಮಿಲಿಟರಿ ಮೋಟಾರ್ ಸೈಕಲ್ಲನ್ನು ಭದ್ರಾವತಿಯ ಕಾರ್ಖಾನೆ ಹೊರಗೆ ಸುರಿದ ಕಬ್ಬಿಣದ ಕಿಟ್ಟದ ದಿಬ್ಬಗಳ ಮೇಲೆ ಹಾರಿಸುವಾಗ ಅಣ್ಣನ ಮಾತು ಒಮ್ಮೆಯೂ ತಡವರಿಸುತ್ತಿರಲಿಲ್ಲ. ಹಿಂದೆ ಕೂತಿರುತ್ತಿದ್ದ ನನಗೆ ಅದು ಗೊತ್ತಿತ್ತು.

ಅಪ್ಪನನ್ನು ಕಾಡಿ ಬೇಡಿ ಅಲ್ಲಿಗೆ ಕರೆತಂದೆ. ನನ್ನ ಕಾನ್ವೆಂಟಿನ ಬಿಳಿ ಕಾಲುಚೀಲಕ್ಕೆ ಕರಿ ಪುಡಿ ಮೆತ್ತಿತು.

"ಗಾಡಿ ಕಲಿತ ಮೇಲೆ ಹುಡುಗನಿಗೆ ಧೈರ್ಯ ಬಂದಿದೆ ಭಾವ," ಎಂದರು ಮಾವ.

"ಬೀಳೋದು ಕಲಿತಿದಾನೆ ಮಾರಾಯ, ಮೊಣಕಾಲು ನೋಡು," ಎಂದರು ಅಪ್ಪ.

ಅಣ್ಣ ಇಂಗ್ಲಿಷ್ ಪಾಠ ಒಪ್ಪಿಸುತ್ತಲೇ ದಿಬ್ಬ ಹತ್ತಿ ಇಳಿದ. ಅವನ ತುಟಿಗಳು ಸರಾಗವಾಗಿ ಆಡುತ್ತಿದ್ದವು. ಇಂಜಿನ್ನಿನ ಅಬ್ಬರದಲ್ಲಿ ಅಪ್ಪನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಗಾಡಿ ನಿಲ್ಲಿಸಿ ಹತ್ತಿರ ಬಂದವನು, "ಅ... ಅ..." ಎಂದು ತಡವರಿಸಿದ. ಅಪ್ಪ ಮುಖ ತಿರುಗಿಸಿ ಹೊರಟೇಬಿಟ್ಟರು.

ನಾನು ಓಡಿಹೋಗಿ ಅವರ ಕಾಲು ತಬ್ಬಿದೆ. "ಹಿಂದೆ ಕೂತ್ರೆ ಕೇಳುತ್ತಪ್ಪ! ಒಂದೇ ಒಂದ್ಸಲ ಕೂತ್ಕೊಳ್ಳಿ!"

ಅಳುತ್ತಿದ್ದ ನನ್ನನ್ನೂ, ತಲೆ ತಗ್ಗಿಸಿದ್ದ ಅಣ್ಣನನ್ನೂ ನೋಡಿ ಅಪ್ಪ ಪಂಚೆ ಮೇಲೆ ಕಟ್ಟಿದರು. ಟೋಪಿ ನನ್ನ ಕೈಗಿತ್ತು ಹಿಂದೆ ಕೂತರು. ಗಾಡಿ ದಿಬ್ಬದಾಚೆ ಮರೆಯಾಯಿತು. ಆ ಟೋಪಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಚು ಮಡಚಿಹೋಯಿತು.

ತಿರುಗಿ ಬಂದಾಗ ಅಪ್ಪನ ಕೂದಲೆಲ್ಲ ಕೆದರಿತ್ತು. ನಾನು ಟೋಪಿ ಚಾಚಿದೆ. ಅವರು ಕೆಳಗಿಳಿಯಲಿಲ್ಲ.

"ಕೊನೇ ಸಾಲು ಗಾಳಿಗೆ ಹೋಯ್ತು ಕಣೋ," ಎಂದರು ಅಣ್ಣನ ಭುಜ ತಟ್ಟುತ್ತ. "ಮೊದಲಿಂದ ಹೇಳು."